ವಯಸ್ಸನ್ನಲ್ಲ, ಹೊಗೆಯನ್ನು ಅಳೆಯಲಿ

ಧನುರ್ಮಾಸದ ಮುಂಜಾವು. ದ್ವಾರಸಮುದ್ರದ ಕೆರೆಯಿಂದ ಎದ್ದ ಮಂಜು ಬಸ್ತಿಹಳ್ಳಿಯ ಬಸದಿಗಳನ್ನು ಬಳಸಿ ಮನೆಯಂಗಳಗಳವರೆಗೆ ಹಬ್ಬಿದೆ. ಕಣದ ಬದಿಯ ರಾಗಿ ಮೆದೆ ಇಬ್ಬನಿಗೆ ತೊಯ್ದು ನಿಂತಿದೆ. ಅಂಗಳದ ಮೂಲೆಯಲ್ಲಿ ತೊಂಬತ್ತರ ದಶಕದ ಮಾರುತಿ 800 ಕಾರೊಂದು. ಮೂರು ಬಾರಿ ಕೀ ತಿರುಗಿಸಿದರೂ ಅದು ಚಾಲೂ ಆಗಿಲ್ಲ. ಚೋಕ್ ಎಳೆದು ನಾಲ್ಕನೆಯ ಬಾರಿ ತಿರುಗಿಸಿದಾಗ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಅಂತೂ ಎಚ್ಚರಗೊಂಡಿದೆ. ಹಾಸನದಲ್ಲಿ ಓದುವ ಮಗ ಮೂಗು ಮುಚ್ಚಿಕೊಳ್ಳುತ್ತಾನೆ.

“ಅಪ್ಪಾ, ಇದ್ನ ಗುಜರಿಗೆ ಹಾಕ್ಬಿಡಣ. ಹೊಸಾ ಗಾಡಿ ತಗಂಡ್ರೆ ಪರಿಸರಕ್ಕೂ ಒಳ್ಳೇದಂತೆ.”

“ಅದು ಆಮೇಲೆ. ಮೊದ್ಲು ಬಾನೆಟ್ ಎತ್ತು ಮಗ. ಯಾಕಿಂಗೆ ಹೊಗೆ ಉಗುಳ್ತೈತೆ ಅಂತ ನೋಡಣ.”

ಇದು ಯಾವುದೋ ಒಂದೇ ಮನೆಯ ಮಾತಲ್ಲ. ಹಳೇಬೀಡು, ಬೇಲೂರು, ಅರಸೀಕೆರೆಗಳ ಸುತ್ತಣ ಹಳ್ಳಿಗಳ ಎಷ್ಟೋ ಅಂಗಳಗಳಲ್ಲಿ ಚಳಿಗಾಲ ಬಂತೆಂದರೆ ಕೇಳಿಬರುವ ಮಾತು. ಮಗನ ನುಡಿ ಸರ್ಕಾರದ ನುಡಿಯೂ ಹೌದು, ಕಾರು ತಯಾರಕರ ನುಡಿಯೂ ಹೌದು. ವಿಷಾದದ ಸಂಗತಿಯೆಂದರೆ ಪರಿಸರ ಚಳವಳಿಯ ಕೆಲವು ಗೆಳೆಯರ ನುಡಿಯೂ ಅದೇ. ಹಳೆಯದೆಲ್ಲ ಕೊಳಕು, ಹೊಸದೆಲ್ಲ ಹಸಿರು ಎಂಬ ಈ ಸಮೀಕರಣವನ್ನು ಪ್ರಶ್ನಿಸದೆ ಒಪ್ಪಿಕೊಂಡರೆ ನಷ್ಟವಾಗುವುದು ರೈತನ ಜೇಬಿಗೆ ಮಾತ್ರವಲ್ಲ, ಗಾಳಿಗೂ ನೀರಿಗೂ ಹೌದು. ಮೊದಲು ತಪಾಸಣೆ, ಆಮೇಲೆ ತೀರ್ಪು ಎಂಬ ತಂದೆಯ ವಿವೇಕ ನೀತಿ ರೂಪಿಸುವವರಲ್ಲಿ ಏಕೆ ಕಾಣುತ್ತಿಲ್ಲ?

ಕಿತ್ತೆಸೆದ ಒಂದು ಪುಟ್ಟ ವಾಲ್ವ್

1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮೂರು ಸಿಲಿಂಡರ್, 796 ಸಿಸಿ ಎಂಜಿನ್ನು, ಸುಮಾರು 650 ಕಿಲೋ ತೂಕ. ಮಿತವಾಗಿ ಪೆಟ್ರೋಲು ಕುಡಿಯುವುದಕ್ಕೆ ಈ ಹಗುರತನವೇ ಮುಖ್ಯ ಕಾರಣ. ಅಂಥ ಕಾರು ಕಪ್ಪು ಹೊಗೆ ಉಗುಳುತ್ತಿದ್ದರೆ ದೋಷ ಅದರ ಜನ್ಮದಲ್ಲಿಲ್ಲ, ಆರೈಕೆಯಲ್ಲಿದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಗಾಳಿಯ ಪಾಲಿಗಿಂತ ಪೆಟ್ರೋಲಿನ ಪಾಲು ಹೆಚ್ಚಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲುತ್ತಿಲ್ಲ. ಮಸಿಗೆ ಕಾರಣಗಳು ಹಲವು: ಧೂಳು ತುಂಬಿದ ಏರ್ ಫಿಲ್ಟರ್, ಪೂರ್ತಿ ಹಿಂದಕ್ಕೆ ಸರಿಯದ ಚೋಕ್, ಕಾರ್ಬೊರೇಟರಿನ ಸವೆದ ಜೆಟ್. ಎಷ್ಟೋ ಹಳೆಯ ಕಾರುಗಳಲ್ಲಿ ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಕಾರಣವಿರುತ್ತದೆ. ಎಂಜಿನ್ನನ್ನು ತಂಪಾಗಿಡುವ ನೀರಿನ ದಾರಿಯಲ್ಲಿ ಇರಬೇಕಾದ ಥರ್ಮೋಸ್ಟಾಟ್ ವಾಲ್ವ್ ಅಲ್ಲಿ ಇರುವುದೇ ಇಲ್ಲ!

ಈ ವಾಲ್ವಿನ ಕೆಲಸ ಸರಳ. ಅದರೊಳಗೆ ಮೇಣ ತುಂಬಿದ ಪುಟ್ಟ ಗುಳಿಗೆಯೊಂದಿದೆ. ನೀರು 80 ಡಿಗ್ರಿಯ ಆಸುಪಾಸಿಗೆ ಕಾಯುವವರೆಗೆ ವಾಲ್ವ್ ಮುಚ್ಚಿಕೊಂಡಿದ್ದು, ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಎಂಜಿನ್ನು ಬೇಗ ಬಿಸಿಯಾಗುತ್ತದೆ. ಮೇಣ ಕರಗಿ ಹಿಗ್ಗಿದೊಡನೆ ವಾಲ್ವ್ ತೆರೆದುಕೊಳ್ಳುತ್ತದೆ. ಅದು ತುಕ್ಕು ಹಿಡಿದು ಮುಚ್ಚಿದಂತೆಯೇ ಕುಳಿತುಬಿಟ್ಟರೆ ಬೇಸಿಗೆಯಲ್ಲಿ, ಅದರಲ್ಲೂ ಚಾರ್ಮಾಡಿ, ಶಿರಾಡಿಯಂಥ ಘಾಟಿ ಏರುವಾಗ ಎಂಜಿನ್ನು ಕುದಿಯುತ್ತದೆ. ಆ ಭಯಕ್ಕೆ ಹೊಸ ವಾಲ್ವ್ ಹಾಕಿಸುವ ಬದಲು ಇದ್ದದ್ದನ್ನೂ ಕಿತ್ತೆಸೆಯುವ ರೂಢಿ ಗ್ಯಾರೇಜುಗಳಲ್ಲಿ ಬೆಳೆದುಬಂತು.

ಬೇಸಿಗೆಯ ಭಯಕ್ಕೆ ಕಿತ್ತದ್ದರ ಬೆಲೆಯನ್ನು ಚಳಿಗಾಲ ವಸೂಲು ಮಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 880 ಮೀಟರ್ ಎತ್ತರದ ಹಳೇಬೀಡಿನ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಮುಂಜಾವು ಎಂಜಿನ್ನಿನ ಪಾಲಿಗೂ ಕೊರೆಯುವ ಚಳಿಯೇ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಚೋಕ್ ಎಳೆದು ಮತ್ತಷ್ಟು ಪೆಟ್ರೋಲು ಸುರಿಯಬೇಕಾಗುತ್ತದೆ. ಉರಿಯದೆ ಉಳಿದದ್ದು ಒಂದಿಷ್ಟು ಹೊಗೆಯಾಗಿ ಹೊರಬೀಳುತ್ತದೆ, ಒಂದಿಷ್ಟು ಸಿಲಿಂಡರಿನ ಎಣ್ಣೆಯನ್ನು ತೊಳೆದು ಸವೆತ ತರುತ್ತದೆ. ವಾಲ್ವ್ ಇಲ್ಲದ ಕಾರು ಬೇಲೂರಿನವರೆಗಿನ 16 ಕಿಲೋಮೀಟರ್ ಓಡಿದರೂ ಸರಿಯಾಗಿ ಬಿಸಿಯೇರದು. ಡೇರಿ, ಸಂತೆ, ಆಸ್ಪತ್ರೆ ಎಂದು ನಾಲ್ಕಾರು ಕಿಲೋಮೀಟರ್ ಓಡುವ ಹಳ್ಳಿಯ ಕಾರಿನ ಬದುಕೆಲ್ಲ ಹೀಗೆ ತಣ್ಣನೆಯ ಎಂಜಿನ್ನಿನಲ್ಲೇ ಕಳೆಯುತ್ತದೆ.

ಮದ್ದು ದುಬಾರಿಯಲ್ಲ. ಹೊಸ ವಾಲ್ವಿಗೆ ತಗಲುವುದು ಕೆಲವು ನೂರು ರೂಪಾಯಿ. ಇರುವ ವಾಲ್ವ್ ಸರಿಯಿದೆಯೇ ಎಂದು ತಿಳಿಯಲು ಅದನ್ನು ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಒಲೆಯ ಮೇಲಿಟ್ಟರಾಯಿತು. ನೀರು ಕುದಿಯುವ ಮುನ್ನವೇ ಅದು ಬಾಯಿ ತೆರೆಯಬೇಕು. ಯಾವ ಶಾಲೆಯ ವಿಜ್ಞಾನ ಶಿಕ್ಷಕರೂ ಥರ್ಮಾಮೀಟರ್ ಹಿಡಿದು ಮಾಡಿ ತೋರಿಸಬಹುದಾದ ಪ್ರಯೋಗವಿದು.

ಲೆಕ್ಕ ಏನು ಹೇಳುತ್ತದೆ?

ವಿದ್ಯಾರ್ಥಿಗಳು ಕಾಗದ, ಪೆನ್ಸಿಲು ಹಿಡಿದು ಕೂರಲಿ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಳ್ಳಿಯ ಹಳೆಯ ಕಾರು ವರ್ಷಕ್ಕೆ 3,000 ಕಿಲೋಮೀಟರ್ ಓಡುತ್ತದೆಂದೂ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆಂದೂ ಇಟ್ಟುಕೊಳ್ಳಲಿ. ವರ್ಷಕ್ಕೆ ಸುಮಾರು 187 ಲೀಟರ್ ಪೆಟ್ರೋಲು, 431 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 20 ಕಿಲೋಮೀಟರ್ ಕೊಡುವ ಹೊಸ ಸಣ್ಣ ಕಾರು ಅಷ್ಟೇ ದೂರಕ್ಕೆ 150 ಲೀಟರ್ ಕುಡಿದು 345 ಕಿಲೋ ಹೊರಬಿಡುತ್ತದೆ. ವರ್ಷಕ್ಕೆ ಉಳಿತಾಯ 86 ಕಿಲೋ.

ಆದರೆ ಹೊಸ ಕಾರು ಆಕಾಶದಿಂದ ಉದುರುವುದಿಲ್ಲ. ಅದಿರು ಅಗೆಯಬೇಕು, ಉಕ್ಕು ಕಾಯಿಸಬೇಕು, ಪ್ಲಾಸ್ಟಿಕ್, ಗಾಜು, ರಬ್ಬರ್ ತಯಾರಾಗಬೇಕು. ಬಳ್ಳಾರಿಯ ಗುಡ್ಡಗಳಿಗೆ ಏನಾಯಿತೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಒಂದು ಸಣ್ಣ ಕಾರಿನ ತಯಾರಿಕೆಯಲ್ಲಿ ನಾಲ್ಕೇ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಂದು ಕಡಿಮೆ ಲೆಕ್ಕ ಹಿಡಿದರೂ, ವರ್ಷಕ್ಕೆ 86 ಕಿಲೋ ಉಳಿತಾಯದಿಂದ ಆ ಸಾಲ ತೀರಲು 46 ವರ್ಷ ಬೇಕು! ಲೀಟರಿಗೆ 12 ಕಿಲೋಮೀಟರ್ ಕೊಡುವ ದೊಡ್ಡ ಗಾಡಿ ಕೊಂಡರೆ ವರ್ಷದ ಹೊಗೆ 575 ಕಿಲೋಗೆ ಏರುತ್ತದೆ. ಆಗ ಸಾಲ ತೀರುವ ಮಾತೇ ಇಲ್ಲ, ಬೆಳೆಯುವುದೊಂದೇ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ವರ್ಷಕ್ಕೆ 20,000 ಕಿಲೋಮೀಟರ್ ಓಡುವ ಬಾಡಿಗೆ ಕಾರಾದರೆ ಉಳಿತಾಯ 575 ಕಿಲೋ. ಏಳು ವರ್ಷದಲ್ಲಿ ಸಾಲ ತೀರುತ್ತದೆ. ಅಂಥ ಕಾರನ್ನು ಬದಲಿಸುವುದು ನ್ಯಾಯ. ಆದುದರಿಂದ ಕೇಳಬೇಕಾದ ಪ್ರಶ್ನೆ ಕಾರಿಗೆ ಎಷ್ಟು ವಯಸ್ಸು ಎಂಬುದಲ್ಲ. ಎಷ್ಟು ಓಡುತ್ತದೆ, ಎಷ್ಟು ಉರಿಸುತ್ತದೆ, ಏನನ್ನು ಉಗುಳುತ್ತದೆ ಎಂಬುದು.

ದಂಡ ಯಾರಿಗೆ, ರಿಯಾಯಿತಿ ಯಾರಿಗೆ?

ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಜಾರಿಗೆ ತಂದ ಗುಜರಿ ನೀತಿ, ಖಾಸಗಿ ವಾಹನಗಳನ್ನು ವಯಸ್ಸು ನೋಡಿಯಲ್ಲ, ಯೋಗ್ಯತೆ ನೋಡಿ ತೆಗೆದುಹಾಕಲಾಗುವುದು ಎಂದಿತು. ಮಾತು ಚೆನ್ನಾಗಿಯೇ ಇತ್ತು. ಆದರೆ 2022ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದು 10,000 ರೂಪಾಯಿಯಾಯಿತು. ತಪಾಸಣೆಯಲ್ಲಿ ಗೆದ್ದ ಕಾರಿಗೂ ಇದೇ ಶುಲ್ಕ. ಯೋಗ್ಯತೆಯ ಪರೀಕ್ಷೆಯಲ್ಲಿ ಪಾಸಾದವನಿಗೆ ವಯಸ್ಸಿನ ದಂಡ ವಿಧಿಸುವುದು ಯಾವ ನ್ಯಾಯ?

ಅದೇ ಹೊತ್ತಿಗೆ, ಹಳೆಯ ಕಾರನ್ನು ಗುಜರಿಗೆ ಕೊಟ್ಟ ಪ್ರಮಾಣಪತ್ರ ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರ ವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಮಾಡಿತು. ಹೊಸ ವಾಹನ ಹಳೆಯದಕ್ಕಿಂತ ಕಡಿಮೆ ಇಂಧನ ಕುಡಿಯಬೇಕೆಂಬ ಷರತ್ತು ಅದರಲ್ಲಿಲ್ಲ. 650 ಕಿಲೋದ ಕಾರು ಕೊಟ್ಟು ಒಂದೂವರೆ ಟನ್ನಿನ ಗಾಡಿ ತಂದವರೂ ಪರಿಸರಸ್ನೇಹಿಗಳೇ! 2023-24ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಮಾದರಿಯ ಗಾಡಿಗಳೇ ಆಗಿದ್ದವು ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು. ಇದು ಪರಿಸರ ನೀತಿಯೋ, ವ್ಯಾಪಾರ ನೀತಿಯೋ?

ಪೆಟ್ರೋಲಿನ ಕಥೆಯೂ ಇದೇ ಜಾಡಿನದು. ಈಗ ಬಂಕುಗಳಲ್ಲಿ ದೊರೆಯುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿನ ಶಾಖ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಎಥನಾಲ್ ರಹಿತ ಪೆಟ್ರೋಲಿಗೆ ರೂಪಿಸಿ, ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳ ಮೈಲೇಜು ಶೇ. 6ರಿಂದ 7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಒಪ್ಪಿಕೊಂಡಿತು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬುದೂ ಅದೇ ನೀತಿ ಆಯೋಗದ ಲೆಕ್ಕ. ಬರದ ಸೀಮೆಯಾದ ಅರಸೀಕೆರೆಯ ರೈತರು ಈ ಅಂಕಿಯನ್ನು ಎರಡು ಬಾರಿ ಓದಲಿ. ಹಳೆಯ ಕಾರಿಗೆ ಒಗ್ಗದ ಇಂಧನವನ್ನು ಬೇರೆ ಆಯ್ಕೆಯಿಲ್ಲದಂತೆ ತುಂಬಿಸಿ, ಆಮೇಲೆ ಹಳೆಯ ಕಾರು ಸರಿಯಿಲ್ಲವೆನ್ನುವುದು ಕಾಲಿಗೆ ಹಗ್ಗ ಕಟ್ಟಿ ಓಡೆಂದು ಹೇಳಿದಂತೆ.

ಹಳೆಯ ಕಾರಿನ ಪರವಾಗಿಯೂ, ವಿರುದ್ಧವಾಗಿಯೂ

ಹಳೆಯ ಕಾರಿನ ದೋಷಗಳನ್ನು ಮುಚ್ಚಿಡುವುದು ಸಲ್ಲದು. ತೊಂಬತ್ತರ ದಶಕದಲ್ಲಿ ಹಳ್ಳಿಗಳಿಗೆ ಬಂದ ಇಂಥ ಕಾರುಗಳಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಇಲ್ಲ. ಭಾರತ್ ಸ್ಟೇಜ್ ಮಾನದಂಡಗಳಿಗಿಂತ ಹಿಂದಿನ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ರ ವರೆಗೆ ಇರಬಹುದೆಂದು ನಿಯಮ ಹೇಳಿದರೆ, ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಆ ಮಿತಿ ಶೇ. 0.5 ಮಾತ್ರ. ಏರ್‌ಬ್ಯಾಗ್ ಇಲ್ಲ, ತಗಡು ತೆಳು, ಹೆದ್ದಾರಿಯ ವೇಗಕ್ಕೆ ತಕ್ಕ ರಕ್ಷಣೆಯೂ ಇಲ್ಲ. ಇವೆಲ್ಲ ನಿಜ. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳನ್ನು 1133ರಿಂದ ಕಾಪಾಡಿಕೊಂಡು ಬಂದ ಹಾಗೆ ಕಾರನ್ನು ಕಾಪಾಡಬೇಕೆಂದು ಯಾರೂ ಹೇಳುತ್ತಿಲ್ಲ. ಕಾರು ಯಂತ್ರ, ಅದಕ್ಕೆ ಪೂಜೆ ಬೇಡ, ಪರೀಕ್ಷೆ ಬೇಕು.

ಎಮಿಷನ್ ಟೆಸ್ಟ್ ಇರುವುದು ಅದಕ್ಕಾಗಿಯೇ. ಹೊಗೆಕೊಳವೆಗೆ ಸಲಾಕೆ ಇಡದೆ ಪಡೆದ ಕಾಗದ ಯಾರ ಕಣ್ಣಿಗೆ ಮಣ್ಣೆರಚುತ್ತದೆ? ಅಂಗಳದಲ್ಲಿ ಆಡುವ ಸ್ವಂತ ಮಕ್ಕಳ ಕಣ್ಣಿಗೇ. ಪ್ಲಗ್, ಫಿಲ್ಟರ್, ಥರ್ಮೋಸ್ಟಾಟ್ ಸರಿಪಡಿಸಿ, ಕಾರ್ಬೊರೇಟರ್ ಟ್ಯೂನ್ ಮಾಡಿಸಿ, ನಿಜವಾದ ಪರೀಕ್ಷೆಗೆ ಒಡ್ಡಬೇಕು. ಆಗಲೂ ಸೋತರೆ ಆ ಕಾರು ಗುಜರಿಗೆ ಹೋಗಲಿ, ಅದಕ್ಕಾಗಿ ಅಳಬೇಕಿಲ್ಲ.

ಇನ್ನೊಂದು ಹೊಣೆಯೂ ಹಳ್ಳಿಗರದೇ. ಒಮ್ಮೆ ಆಯಿಲ್ ಬದಲಿಸಿದರೆ ಸುಮಾರು ಮೂರು ಲೀಟರ್ ಕಪ್ಪೆಣ್ಣೆ ಹೊರಬರುತ್ತದೆ. ಅದನ್ನು ಬೇಲಿಯ ಬುಡಕ್ಕೋ ಚರಂಡಿಗೋ ಸುರಿದರೆ ಮಳೆಗಾಲದಲ್ಲಿ ಅದು ಸೇರುವುದು ಕೆರೆಯನ್ನೇ. ಹಳೆಯ ಬ್ಯಾಟರಿಯ ಸೀಸ, ಆಮ್ಲಗಳ ದಾರಿಯೂ ಅದೇ. ಮನೆಯಂಗಳದ ರಿಪೇರಿ ಪರಿಸರದ ಕೆಲಸವೆಂದು ಹೇಳಿಕೊಳ್ಳಬೇಕಾದರೆ ಎಣ್ಣೆ ಕ್ಯಾನಿಗೆ, ಬ್ಯಾಟರಿ ಅಂಗಡಿಗೆ ಮರಳಬೇಕು.

ಎಲ್ಲಕ್ಕೂ ಮೊದಲು ಬಸ್ಸು. ಚಳಿಗಾಲದ ಮುಂಜಾನೆ ವಿದ್ಯಾರ್ಥಿಗಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಕ್ಕರೆ, ಎಷ್ಟೋ ಮನೆಗಳಲ್ಲಿ ಹಳೆಯ ಕಾರೂ ಬೇಡ, ಹೊಸ ಕಾರೂ ಬೇಡ. ಆ ಬಸ್ಸು ಬರುವವರೆಗೆ ಹಳ್ಳಿಯ ಮನೆಯ ಏಕೈಕ ವಾಹನವನ್ನು ದಂಡದ ಮೂಲಕ ಕಸಿಯುವುದು ಅನ್ಯಾಯ.

ಆದುದರಿಂದ ಬೇಡಿಕೆಗಳು ಸ್ಪಷ್ಟ. ನೋಂದಣಿ ನವೀಕರಣದ ಶುಲ್ಕ ವಯಸ್ಸಿನ ಮೇಲಲ್ಲ, ಹೊಗೆ ಪರೀಕ್ಷೆಯ ಫಲಿತಾಂಶ ಮತ್ತು ಓಡಿದ ದೂರದ ಮೇಲೆ ನಿಗದಿಯಾಗಲಿ. ಗುಜರಿ ರಿಯಾಯಿತಿ ಹಳೆಯದಕ್ಕಿಂತ ಕಡಿಮೆ ಇಂಧನ ಕುಡಿಯುವ ವಾಹನಕ್ಕೆ ಮಾತ್ರ ಸಿಗಲಿ. ತಯಾರಿಕೆ ನಿಂತ ವಾಹನಗಳಿಗೂ ಬಿಡಿಭಾಗಗಳು ದೊರೆಯುವಂತೆ ಕಾನೂನಾಗಲಿ; ರಿಪೇರಿಯ ಹಕ್ಕಿಗಾಗಿ 2022ರಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆದ ಕೇಂದ್ರ ಸರ್ಕಾರ ಅಷ್ಟಕ್ಕೇ ಕೈತೊಳೆದುಕೊಳ್ಳದಿರಲಿ. ಹಳ್ಳಿಯ ಮೆಕ್ಯಾನಿಕ್‌ಗಳಿಗೆ ಹೊಗೆ ಅಳೆಯುವ, ತಗ್ಗಿಸುವ ತರಬೇತಿ ಸಿಗಲಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಸಾಕು. ತಂದೆ ಸ್ಪ್ಯಾನರ್ ಹಿಡಿಯಲಿ, ಮಗ ಮೈಲೇಜಿನ ಲೆಕ್ಕ ಬರೆದಿಡಲಿ. ಥರ್ಮೋಸ್ಟಾಟ್ ಮರಳಿ ಕೂತ ಕಾರು ಮುಂದಿನ ಚಳಿಯಲ್ಲಿ ಎಷ್ಟು ಹೊಗೆ ಉಗುಳುತ್ತದೆ ಎಂಬುದನ್ನು ಇಬ್ಬರೂ ನಿಂತು ನೋಡಲಿ. ಗುಜರಿಯ ಮಾತು ಬೇಕಿದ್ದರೆ ಆಮೇಲೆ ಬರಲಿ.