ಹಳೆ ಚೀಟಿಗೆ ಹೊಸ ಮಾತ್ರೆ

ವರ್ಷದ ಹಿಂದಿನ ಚೀಟಿಯೋ ಖಾಲಿ ಸ್ಟ್ರಿಪ್ಪೋ ಔಷಧಿ ಅಂಗಡಿಯ ಕೌಂಟರ್ ಮೇಲೆ ಬೀಳುತ್ತದೆ. 'ಇದೇ ಹತ್ತು ಕೊಡ್ರಿ, ಬಸ್ಸಿಗೆ ಹೊತ್ತಾಯ್ತು.' ಅಂಗಡಿಯವರು ಕೊಟ್ಟೂಬಿಡುತ್ತಾರೆ. ಕೊಡುವುದು ನೆಗಡಿ ಮಾತ್ರೆಯಲ್ಲ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್. ಇದು ಶೆಡ್ಯೂಲ್ ಎಚ್ ಪಟ್ಟಿಯ ಔಷಧಿ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಮಾತ್ರೆಯನ್ನು ದೂರಬೇಕಿಲ್ಲ. ಅದರಿಂದ ಎಷ್ಟೋ ಮನೆಗಳು ಉಳಿದಿವೆ. ಆದರೆ ಇದರ ರೀತಿಯೇ ಬೇರೆ. ತೊಂದರೆ ಮೊದಲು, ಗುಣ ಆಮೇಲೆ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ನಿದ್ದೆಗೇಡು ಬರಬಹುದು. ದಾಂಪತ್ಯದ ಆಸೆಯೂ ಕುಗ್ಗಬಹುದು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರವೋ, ಇನ್ನೂ ಹೆಚ್ಚೋ ಬೇಕು. ಎಂಟೇ ದಿನಕ್ಕೆ 'ಇದು ಆಗಿಬರಲ್ಲ' ಅಂತ ಬಿಡುವವರು ಕೆಲವರು. ಹಾಯೆನಿಸಿದ ಕೂಡಲೇ ಬಿಡುವವರು ಇನ್ನು ಕೆಲವರು. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ. ಬಿಡುವುದಾದರೂ ವೈದ್ಯರನ್ನು ಕೇಳಿ, ಡೋಸ್ ಇಳಿಸುತ್ತಾ ಬಿಡಬೇಕು.

25 ವರ್ಷದೊಳಗಿನವರಲ್ಲಿ ಕೆಲವರಿಗೆ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಮನೆಯವರ ಕಣ್ಣು ಅವರ ಮೇಲಿರಬೇಕು. ವಯಸ್ಸಾದವರಿಗೆ ರಕ್ತದ ಸೋಡಿಯಂ ಇಳಿದು ಮಂಕು ಕವಿಯಬಹುದು. ನೋವಿಗೆಂದು ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಜೊತೆ ಸೇರಿದರೆ ನಡುಕ, ಬೆವರು, ಜ್ವರ, ಗಾಬರಿ ಕಾಣಿಸಿಕೊಂಡು ಜೀವಕ್ಕೇ ಕುತ್ತಾಗಬಹುದು. ಸಾರಾಯಿಯಂತೂ ಬೇಡವೇ ಬೇಡ. ಇದನ್ನೆಲ್ಲ ಹಳೆ ಚೀಟಿ ಹೇಳುತ್ತದೆಯೇ?

ತಪ್ಪು ಅಂಗಡಿಯವರದ್ದೊಂದೇ ಅಲ್ಲ. ಊರ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ಕೊಡಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತ್ತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೆ ದಿನಗೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದ ರೋಗಿಗೆ ಸರ್ಕಾರಿ ಆಸ್ಪತ್ರೆಯಲ್ಲಿ 'ಸ್ಟಾಕ್ ಇಲ್ಲ, ಮುಂದಿನ ವಾರ ಬಾ' ಎಂದರೆ? ಥಟ್ಟನೆ ಬಿಡಬೇಡ ಎಂದವರೇ ಬಿಡಿಸಿದಂತಾಯಿತು!

ಅಂಗಡಿಯವರು ಹೊಸ ಚೀಟಿ ಕೇಳಲಿ. ಒಬ್ಬ ಗಿರಾಕಿ ಮುನಿಸಿಕೊಂಡರೆ ಅಂಗಡಿ ಮುಳುಗುವುದಿಲ್ಲ. ಆಸ್ಪತ್ರೆಯವರು ದಾಸ್ತಾನು ಮುಗಿಯುವ ಮೊದಲೇ ತರಿಸಲಿ. ಆಸ್ಪತ್ರೆಗೆ ಹೋಗಲು ನಾಚುವವರಿಗೆ ಟೆಲಿ ಮನಸ್ ಇದೆ: 14416. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ.