ಹಿತವಚನವೂ ಕೊಂಕುನುಡಿಯೂ

ನಮ್ಮ ಧರ್ಮಶಾಸ್ತ್ರಕಾರರು ವಾಕ್ಪಾರುಷ್ಯವನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿರುವರು. ಬೀದಿಯಲ್ಲಿ ಬೈದವನ ಮೇಲೆ ದೂರು ಕೊಡಬಹುದು. ಮನೆಯೊಳಗೆ, ಹಿತವೆಂಬ ಹೆಸರಿನಲ್ಲಿ, ಪ್ರೀತಿಪಾತ್ರರೇ ದಿನವೂ ಆಡುವ ಕೊಂಕುನುಡಿಗೆ ಯಾವ ನ್ಯಾಯಸ್ಥಾನವುಂಟು?

ನಮ್ಮ ಮನೆಯ ಸಂಗತಿಯನ್ನೇ ವಾಚಕರ ಮುಂದಿಡುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಕಿರಿಯ ಮಗಳು ಖಿನ್ನತೆಯ ವ್ಯಾಧಿಗೆ ತುತ್ತಾಗಿ, ಔಷಧದಿಂದ ಚೇತರಿಸಿಕೊಳ್ಳುತ್ತ ತೌರಿಗೆ ಬಂದಿದ್ದಳು. ಮೂವತ್ತು ವರ್ಷ ಕೆಂಪು ಮಸಿಯ ಲೇಖನಿ ಹಿಡಿದವರು ನಾವು; ಸುಮ್ಮನಿದ್ದೇವೆಯೆ? ತಡವಾಗಿ ಎದ್ದರೆ ಒಂದು ಮಾತು, ತಲೆ ಬಾಚದಿದ್ದರೆ ಒಂದು ಮಾತು, ತಟ್ಟೆಯಲ್ಲಿ ಅನ್ನ ಬಿಟ್ಟರೆ ಮತ್ತೊಂದು. “ನಿನ್ನ ಅಕ್ಕನನ್ನು ನೋಡು” ಎಂಬುದಂತೂ ನಿತ್ಯಪಾಠ. ಒಂದು ದಿನ ವೈದ್ಯರು ಆಕೆಯನ್ನು ಕೇಳಿದರು: “ಮನೆಯವರು ನಿಮ್ಮಲ್ಲಿ ಎಷ್ಟು ತಪ್ಪು ಹುಡುಕುತ್ತಾರೆ? ಹತ್ತರಲ್ಲಿ ಅಂಕ ಕೊಡಿ.” ನಾವು ಮನಸ್ಸಿನಲ್ಲಿಯೇ ಎರಡೆಂದು ಬರೆದುಕೊಂಡೆವು. ಆಕೆ ನೆಲ ನೋಡುತ್ತ “ಒಂಬತ್ತು” ಎಂದಳು.

ಆ ಪ್ರಶ್ನೆ ಹುಡುಗಾಟದ್ದಲ್ಲ. 1989ರಲ್ಲಿ ಹೂಲಿ ಮತ್ತು ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ಖಿನ್ನತೆಯಿಂದ ಬಳಲಿದ ವಿವಾಹಿತರಿಗೆ ಇಂಥದೇ ಒಂದು ಪ್ರಶ್ನೆ ಹಾಕಿ, 9 ತಿಂಗಳ ಕಾಲ ಗಮನಿಸಿದರು. ಬಾಳಸಂಗಾತಿಯು ತಮ್ಮನ್ನು ಬಹಳವಾಗಿ ಆಕ್ಷೇಪಿಸುವರೆಂದು ಭಾವಿಸಿದವರಲ್ಲಿ ವ್ಯಾಧಿ ಮರುಕಳಿಸಿದುದು ಹೆಚ್ಚು. ಆಡಿದವರ ಉದ್ದೇಶವಲ್ಲ, ಕೇಳಿದವರಿಗೆ ತೋರಿದುದೇ ಇಲ್ಲಿಯ ಅಳತೆ. ವ್ಯಾಧಿಯೇ ಸವಿಮಾತನ್ನೂ ಕಹಿಯಾಗಿಸುವುದುಂಟು. ಜ್ವರದ ನಾಲಿಗೆಗೆ ಹಾಲೂ ಕಹಿಯಲ್ಲವೆ? ಹಾಗೆಂದು ಜ್ವರ ಬಂದವನೊಡನೆ ಯಾರೂ ವಾದಕ್ಕಿಳಿಯುವುದಿಲ್ಲ. ಮನೆಯವರೇ ವ್ಯಾಧಿಗೆ ಕಾರಣರೆಂದೂ ಇದರಿಂದ ತಿಳಿಯಬಾರದು. ಚೇತರಿಕೆಗೆ ಅವರ ನಾಲಿಗೆ ಅಡ್ಡಿಯಾಗಬಹುದೆಂಬಷ್ಟೇ ತಾತ್ಪರ್ಯ.

ಅಂದಿನಿಂದ ನಾವೂ ನಮ್ಮ ಗೃಹಿಣಿಯೂ ಒಂದು ವ್ರತ ಹಿಡಿದೆವು. ತಪ್ಪನ್ನು ಎತ್ತಿ ಆಡುವುದಿಲ್ಲ. ಬೇಕಾದುದನ್ನು ಮಾತ್ರ ಹೇಳುವುದು. “ಇನ್ನೂ ಏಳಲಿಲ್ಲವೆ?” ಎಂಬುದರ ಬದಲು “ಕಾಫಿ ಆಗಿದೆ, ಬಾ ಮಗು.” ಅಕ್ಕನ ಹೋಲಿಕೆ ಸರ್ವಥಾ ವರ್ಜ್ಯ. ವ್ರತಭಂಗವೂ ಹಲವು ಸಲ ಆಯಿತು. ಆಗ ಮಗಳ ಮುಂದೆಯೇ “ತಪ್ಪಾಯಿತಮ್ಮ” ಎಂದು ಒಪ್ಪಿಕೊಂಡೆವು. ಗುರುವಿನ ಸ್ಥಾನದಲ್ಲಿದ್ದವನಿಗೆ ಅದು ಕಠಿನವಾದ ಪಾಠ. ಔಷಧವನ್ನಾಗಲಿ ವೈದ್ಯರ ಭೇಟಿಯನ್ನಾಗಲಿ ನಾವು ನಿಲ್ಲಿಸಲಿಲ್ಲ; ಸವಿಮಾತು ಅವುಗಳಿಗೆ ಬದಲಲ್ಲ. ಸಮೀಪದಲ್ಲಿ ವೈದ್ಯರಿಲ್ಲದವರು ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯನ್ನು 14416 ಸಂಖ್ಯೆಯ ದೂರವಾಣಿಯಲ್ಲಿ ಕೇಳಬಹುದು.

ಕೆಲವು ತಿಂಗಳಾದ ಮೇಲೆ ಮಗಳು ತಾನು ಗೆಳತಿಗೆ ಬರೆದ ಕಾಗದವನ್ನು ತಂದು, “ಅಪ್ಪಾ, ಒಮ್ಮೆ ನೋಡಿ” ಎಂದು ನಮ್ಮ ಕೈಗಿತ್ತಳು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ನಾವು ಲೇಖನಿಯನ್ನು ಮುಟ್ಟಲಿಲ್ಲ. “ಚೆನ್ನಾಗಿ ಬರೆದಿದ್ದೀಯೆ” ಎಂದೆವು. ಅದು ಸತ್ಯವೇ ಆಗಿತ್ತು.