ಫ್ಲೈಓವರ್ ಪಕ್ಕದ ಗೋಡೆ ಭೂಕಂಪಕ್ಕೆ ಕುಸಿಯುತ್ತದೆಯೇ?

ಶ್ರೀರಾಂಪುರದಲ್ಲಿ ಮೆಟ್ರೋ ಕಂಬಗಳ ಮೇಲೆ ಓಡುತ್ತದೆ. ದಪ್ಪ ಕಂಬ ನೋಡಿದರೆ ಯಾರಿಗೂ ಧೈರ್ಯ ಬರುತ್ತದೆ. ಆದರೆ ಫ್ಲೈಓವರ್‌ಗಳು ನೆಲಕ್ಕಿಳಿಯುವ ತುದಿಯಲ್ಲಿ ಹಲವು ಕಡೆ ಕಂಬಗಳೇ ಇರುವುದಿಲ್ಲ. ಎರಡು ಬದಿಗೆ ಕಾಂಕ್ರೀಟ್ ಪ್ಯಾನೆಲ್‌ಗಳ ಗೋಡೆ, ನಡುವೆ ಮಣ್ಣು, ಅದರ ಮೇಲೆ ರಸ್ತೆ. ಪ್ಯಾನೆಲ್‌ಗಳ ನಡುವೆ ಸಿಮೆಂಟ್ ಇಲ್ಲ, ಬರೀ ಸಂದು. 'ಭೂಮಿ ಒಮ್ಮೆ ಅಲುಗಿದರೆ ಇದರ ಕಥೆ ಮುಗಿಯಿತು' ಎನ್ನುವವರಿದ್ದಾರೆ. 'ಬೆಂಗಳೂರಿಗೆ ಭೂಕಂಪ ಬರುವುದೇ ಇಲ್ಲ' ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ.

ಈ ಗೋಡೆ ನಿಂತಿರುವುದು ಹೇಗೆ?

ಮಣ್ಣಿನ ಭಾರವನ್ನು ಹೊತ್ತಿರುವುದು ಹೊರಗೆ ಕಾಣುವ ಪ್ಯಾನೆಲ್ ಅಲ್ಲ. ಪ್ಯಾನೆಲ್ ಹಿಂದೆ, ಮಣ್ಣಿನ ಪದರಗಳ ನಡುವೆ, ಉಕ್ಕಿನ ಪಟ್ಟಿಗಳನ್ನೋ ಜಿಯೋಗ್ರಿಡ್ ಎಂಬ ಪಾಲಿಮರ್ ಬಲೆಯನ್ನೋ ಹಾಸಿರುತ್ತಾರೆ. ಮೇಲಿನ ಭಾರಕ್ಕೆ ಮಣ್ಣು ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಪಟ್ಟಿ ಮಣ್ಣನ್ನು ಚದುರದಂತೆ ಕಟ್ಟಿಹಾಕುತ್ತದೆ. ಹೀಗೆ ಇಡೀ ಮಣ್ಣಿನ ರಾಶಿಯೇ ಒಂದು ದೊಡ್ಡ ಇಟ್ಟಿಗೆಯಂತೆ ವರ್ತಿಸುತ್ತದೆ. ಪ್ಯಾನೆಲ್ ಅದರ ಹೊರಹೊದಿಕೆ. ಫ್ರಾನ್ಸಿನ ಆನ್ರಿ ವಿದಾಲ್ 1960ರ ದಶಕದ ಆರಂಭದಲ್ಲಿ ಈ ವಿಧಾನಕ್ಕೆ ಈಗಿನ ರೂಪ ಕೊಟ್ಟರು.

ಪಟ್ಟಿಯ ಉದ್ದ ಸಾಮಾನ್ಯವಾಗಿ ಗೋಡೆಯ ಎತ್ತರದ ಶೇ. 70ಕ್ಕಿಂತ ಕಡಿಮೆ ಇರಬಾರದು. 8 ಮೀಟರ್ ಗೋಡೆಗೆ 5.6 ಮೀಟರ್ ಪಟ್ಟಿ ಬೇಕು.

ಭೂಕಂಪದಲ್ಲಿ ಏನಾಗುತ್ತದೆ?

2002ರ ವಲಯ ನಕ್ಷೆಯ ಪ್ರಕಾರ ಬೆಂಗಳೂರು 2ನೇ ವಲಯದಲ್ಲಿದೆ. ಅಂದರೆ ಅಪಾಯ ಕಡಿಮೆ, ಸೊನ್ನೆ ಅಲ್ಲ. ಭೂಮಿ ಕಂಪಿಸಿದಾಗ ಹಿಂಬದಿ ಮಣ್ಣಿನ ತಳ್ಳುವಿಕೆ ಹೆಚ್ಚುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುವಂತೆ ಆ 'ಇಟ್ಟಿಗೆ'ಯೂ ತನ್ನ ತೂಕದಿಂದಲೇ ಹೊರಕ್ಕೆ ಜಗ್ಗುತ್ತದೆ. ಹಾಗಾಗಿ ವಿನ್ಯಾಸಕಾರರು ನೋಡುವುದು: ರಾಶಿ ಜಾರುವುದೇ, ಮಗುಚುವುದೇ, ತಳದ ನೆಲ ಕುಸಿಯುವುದೇ, ಪಟ್ಟಿ ಹರಿಯುವುದೇ, ಮಣ್ಣಿನಿಂದ ಕಿತ್ತುಬರುವುದೇ?

ಸುಮಾರಾಗಿ ಒಂದು ಲೆಕ್ಕ ಹಾಕೋಣ. 8 ಮೀಟರ್ ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ ಒಣ ಮಣ್ಣು ತಳ್ಳುವ ಬಲ ಸುಮಾರು 20 ಟನ್. ಜಾರದಂತೆ ಹಿಡಿಯುವ ತಳದ ಘರ್ಷಣೆ ಸುಮಾರು 47 ಟನ್. 2ನೇ ವಲಯದ ಭೂಕಂಪ ತಳ್ಳುವಿಕೆಗೆ 6 ಟನ್ ಸೇರಿಸುತ್ತದೆ, ಒಟ್ಟು 26. ಗೋಡೆ ನಿಲ್ಲುತ್ತದೆ. ಭುಜ್ ಇರುವ 5ನೇ ವಲಯದಲ್ಲಾದರೆ ಒಟ್ಟು 42 ಟನ್. ಅಲ್ಲಿ ಪಟ್ಟಿ ಇನ್ನೂ ಉದ್ದವಾಗಬೇಕಾದೀತು.

ಸಂದು ದೌರ್ಬಲ್ಯವೇ?

ಅಲ್ಲ, ಅದೇ ಅನುಕೂಲ. ಪ್ಯಾನೆಲ್‌ಗಳು ಬಿರುಕು ಬಿಡದೆ ತುಸು ಅಲುಗಾಡಲು ಸಂದು ಬೇಕು. 1995ರ ಜನವರಿ 17ರಂದು ಜಪಾನಿನ ಕೋಬೆ ಭೂಕಂಪದಲ್ಲಿ ಹಲವು ಹಳೆಯ ತಡೆಗೋಡೆಗಳು ಉರುಳಿದವು. ಅಲ್ಲಿನ ತನಾತಾ ಎಂಬಲ್ಲಿ ರೈಲು ಹಳಿಯ ಪಕ್ಕ ಜಿಯೋಗ್ರಿಡ್ ಹಾಸಿ ಕಟ್ಟಿದ್ದ ಗೋಡೆ ಹೊರಕ್ಕೆ ಸರಿಯಿತು, ಆದರೆ ಕುಸಿಯಲಿಲ್ಲ. ನಮ್ಮಲ್ಲೂ, ಶ್ರೀರಾಂಪುರದಿಂದ ಮಲ್ಲೇಶ್ವರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮಾಧವಿ ಲತಾ ಮತ್ತು ಸಂಗಡಿಗರು ಇಂಥ ಗೋಡೆಗಳ ಪುಟ್ಟ ಮಾದರಿಗಳನ್ನು ಕಂಪನ ಮೇಜಿನ ಮೇಲೆ ಅಲುಗಿಸಿ ನೋಡಿದ್ದಾರೆ. ಪದರಗಳು ಹೆಚ್ಚಾದಷ್ಟೂ ಗೋಡೆ ಹೊರಕ್ಕೆ ಸರಿಯುವುದು ಕಡಿಮೆಯಾಯಿತು.

ಹಾಗಾದರೆ ನಿಜವಾದ ಶತ್ರು ಯಾರು?

ನೀರು. ಅದೇ ಗೋಡೆಯ ಹಿಂದೆ ಪೂರ್ತಿ ಎತ್ತರಕ್ಕೆ ನೀರು ನಿಂತಿತೆನ್ನಿ. ತಳ್ಳುವ ಬಲ ಸುಮಾರು 42 ಟನ್‌ಗೆ ಏರುತ್ತದೆ, 5ನೇ ವಲಯದ ಭೂಕಂಪದಲ್ಲಿ ಬಂದಷ್ಟೇ. ಜೊತೆಗೆ ನೀರು ಮಣ್ಣನ್ನು ಎತ್ತಿಹಿಡಿಯುವುದರಿಂದ ತಳದ ಘರ್ಷಣೆಯೂ ಪಟ್ಟಿಯ ಮೇಲಿನ ಹಿಡಿತವೂ ಸುಮಾರು ಅರ್ಧಕ್ಕಿಳಿಯುತ್ತವೆ. ಭೂಕಂಪ ಕೆಲವು ಸೆಕೆಂಡ್ ಇದ್ದು ಹೋಗುತ್ತದೆ. ಮಳೆ ಪ್ರತಿ ವರ್ಷ ಬರುತ್ತದೆ.

ಹಾಗಾಗಿಯೇ ಒಳಗೆ ತುಂಬುವ ಮಣ್ಣಿನಲ್ಲಿ ಜೇಡಿಯಂಥ ನಯವಾದ ಕಣಗಳು ಶೇ. 15ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವಿದೆ. ನಮ್ಮೂರಿನ ಕೆಂಪು ಜೇಡಿಮಣ್ಣು ಅಗ್ಗವಾಗಿ ಸಿಗುತ್ತದೆಂದು ಹಾಗೇ ಸುರಿದರೆ ನೀರು ಬಸಿಯುವುದಿಲ್ಲ. ಪ್ಯಾನೆಲ್ ಹಿಂದೆ ಜಲ್ಲಿಯ ಪದರ, ಸಂದುಗಳ ಹಿಂದೆ ಮಣ್ಣು ತಡೆದು ನೀರು ಬಿಡುವ ಬಟ್ಟೆ, ಪದರ ಪದರವಾಗಿ ರೋಲರ್ ಹೊಡೆಯುವುದು ಇವೆಲ್ಲ ಬೇಕು.

ನಾವು ಏನು ಗಮನಿಸಬಹುದು?

ಗೋಡೆಯ ಮೇಲೆ ತೇವದ ಕಲೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ಆದರೆ ಸಂದಿನಿಂದ ಮಣ್ಣು ಸೋರುತ್ತಿದ್ದರೆ, ಪ್ಯಾನೆಲ್ ಉಬ್ಬಿದ್ದರೆ, ಮೇಲಿನ ರಸ್ತೆ ಗೋಡೆಯ ಪಕ್ಕದಲ್ಲೇ ಕುಸಿದಿದ್ದರೆ, ಪೈಪ್ ಹಾಕಲು ಗೋಡೆಯ ಬುಡವನ್ನೇ ಅಗೆಯುತ್ತಿದ್ದರೆ ಫೋಟೊ ಸಮೇತ ಪಾಲಿಕೆಗೆ ದೂರು ಕೊಡಿ. ನೀರು ಬಸಿದುಹೋಗುವ ಗೋಡೆ ನಮ್ಮೂರಿನ ಭೂಕಂಪವನ್ನು ತಡೆದುಕೊಳ್ಳುತ್ತದೆ. ನೀರು ಕಟ್ಟಿಕೊಂಡ ಗೋಡೆ ಭೂಕಂಪವಿಲ್ಲದೆಯೂ ಬೀಳಬಹುದು.